ಹೆರಿಗೆ ನೋವಿಗೆ ಎಪಿಡ್ಯೂರಲ್: ಸೂಜಿಗಿಂತ ಆಮೇಲಿನ ನಿಗಾ ಮುಖ್ಯ

ಹೆರಿಗೆ ನೋವು ಇಳಿಸಲು ಈಗ ಸಿಗುವ ಉಪಾಯಗಳಲ್ಲಿ, ಬೆನ್ನಿಗೆ ಹಾಕಿದ ಸಣ್ಣ ಟ್ಯೂಬಿನಿಂದ ಮರಗಟ್ಟಿಸುವ ಔಷಧಿ ಕೊಡುವ ಎಪಿಡ್ಯೂರಲ್‌ನಷ್ಟು ಚೆನ್ನಾಗಿ ಕೆಲಸ ಮಾಡುವುದು ಇನ್ನೊಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಅರ್ಧರ್ಧ ಬೆರೆಸಿದ ಗ್ಯಾಸ್ ಎಳೆದುಕೊಂಡರೆ ನೋವಿನ ಬಿರುಸು ಸ್ವಲ್ಪ ತಗ್ಗುತ್ತದೆ, ಅಷ್ಟೇ. ಪೆಥಿಡಿನ್ ಇಂಜೆಕ್ಷನ್ ನೋವು ಇಳಿಸುವುದಕ್ಕಿಂತ ಹೆಚ್ಚಾಗಿ ಮಂಪರು ತರುತ್ತದೆ, ವಾಕರಿಕೆ ತರುತ್ತದೆ. ಹೆರಿಗೆ ಹತ್ತಿರ ಬಂದಾಗ ಕೊಟ್ಟರೆ ಹುಟ್ಟಿದ ಮಗುವಿನ ಉಸಿರಾಟವೂ ಮಂದವಾಗಬಹುದು. ಎಪಿಡ್ಯೂರಲ್ ಸರಿಯಾಗಿ ಹಿಡಿದರೆ ತಾಯಿ ಪೂರ್ತಿ ಎಚ್ಚರವಾಗಿದ್ದು ಮಾತಾಡುತ್ತಾಳೆ, ಬೇಕಾದರೆ ಒಂದಿಷ್ಟು ನಿದ್ದೆಯನ್ನೂ ಮಾಡುತ್ತಾಳೆ. ಹೊಟ್ಟೆ ಗಟ್ಟಿಯಾಗುವುದು ಗೊತ್ತಾಗುತ್ತದೆ, ನೋವು ಮಾತ್ರ ಇರುವುದಿಲ್ಲ, ಇದ್ದರೂ ತಡೆದುಕೊಳ್ಳುವಷ್ಟಿರುತ್ತದೆ. ನೋವು ಇಳಿಸಿ ಎಂದು ಕೇಳುವ ಆರೋಗ್ಯವಂತ ಗರ್ಭಿಣಿಗೆ ಇದನ್ನು ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಶಿಫಾರಸು ಮಾಡಿದೆ.

ಆದರೆ ಇದನ್ನು ಔಷಧಿ ಅಂಗಡಿಯ ಮಾತ್ರೆಯಂತೆ ತೂಗಲಾಗದು. ಸೂಜಿ ಹಾಕುವ ಕೆಲಸ ಸಾಮಾನ್ಯವಾಗಿ 15–20 ನಿಮಿಷದ್ದು. ಆಮೇಲೆ ಮಗು ಹುಟ್ಟುವ ತನಕ, ಎಷ್ಟೋ ಗಂಟೆಗಳ ಕಾಲ, ಒಂದು ಸಣ್ಣ ಟ್ಯೂಬ್ ಬೆನ್ನಲ್ಲೇ ಇರುತ್ತದೆ. ಅದರ ಮೇಲೆ ಯಾರು ಕಣ್ಣಿಟ್ಟಿದ್ದಾರೆ, ಮಧ್ಯರಾತ್ರಿ ಒಂದು ಪಕ್ಕ ನೋವು ಮರಳಿದರೆ ಯಾರು ಬರುತ್ತಾರೆ, ಬಿಪಿ ಬಿದ್ದರೆ ಎಷ್ಟು ಬೇಗ ಎತ್ತುತ್ತಾರೆ ಎಂಬುದರ ಮೇಲೆ ಈ ಸೇವೆಯ ಗುಣಮಟ್ಟ ನಿಂತಿದೆ. ಒಂದೇ ಸೂಜಿ, ಒಂದೇ ಔಷಧಿ ಬಳಸುವ ಎರಡು ಹೆರಿಗೆ ವಾರ್ಡುಗಳ ನಡುವೆ ಅಜಗಜಾಂತರ ಇರುವುದು ಇದೇ ಕಾರಣಕ್ಕೆ.

ಮೊದಲು ಸೂಜಿಯ ವಿಷಯ. ಅದರ ಬಗ್ಗೆಯೇ ಎಲ್ಲರಿಗೂ ಭಯ. ಬೆನ್ನುಹುರಿಯನ್ನೂ ಅದರ ಸುತ್ತಲಿನ ದ್ರವವನ್ನೂ ಡ್ಯೂರಾ ಎಂಬ ಪೊರೆ ಸುತ್ತಿಕೊಂಡಿದೆ. ಆ ಪೊರೆಯ ಹೊರಗಿನ ಕಿರಿದಾದ ಜಾಗವೇ ಎಪಿಡ್ಯೂರಲ್ ಜಾಗ. ಅಲ್ಲಿ ಕೊಬ್ಬು, ಸಣ್ಣ ರಕ್ತನಾಳಗಳು ಮತ್ತು ಬೆನ್ನುಹುರಿಯಿಂದ ಹೊರಟ ನರಗಳ ಬುಡಗಳಿವೆ. ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಮೊದಲನೇ ಅಥವಾ ಎರಡನೇ ಕಶೇರುವಿನ (ಬೆನ್ನೆಲುಬಿನ ಮೂಳೆಯ) ಹತ್ತಿರ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಹೆಚ್ಚಾಗಿ ಮೂರನೇ–ನಾಲ್ಕನೇ ಅಥವಾ ನಾಲ್ಕನೇ–ಐದನೇ ಕಶೇರುಗಳ ನಡುವೆ. ಸೂಜಿ ಬೆನ್ನುಹುರಿಗೇ ಚುಚ್ಚುತ್ತದೆ ಎಂಬ ಭಯಕ್ಕೆ ಉತ್ತರ ಇದೇ. ಸೊಂಟದ ಮಟ್ಟದಲ್ಲಿ ಹೀಗೆ ಔಷಧಿ ಕೊಡುವ ವಿಧಾನವನ್ನು ಸ್ಪೇನಿನ ಸೇನಾ ಶಸ್ತ್ರವೈದ್ಯ ಫಿಡೆಲ್ ಪಾಖೆಸ್ 1921ರಲ್ಲಿ ವಿವರಿಸಿದರು.

ಶುರು ಮಾಡುವ ಮೊದಲು ಕೈಗೆ ಡ್ರಿಪ್ ಲೈನ್ ಹಾಕಿ ಬಿಪಿ, ನಾಡಿ, ಮಗುವಿನ ಎದೆಬಡಿತ ನೋಡುತ್ತಾರೆ. ತಾಯಿ ಮಂಚದ ಅಂಚಿನಲ್ಲಿ ಕೂತು ಗದ್ದವನ್ನು ಎದೆಗೆ ಒತ್ತಿ, ಭುಜ ಸಡಿಲ ಬಿಟ್ಟು, ಸೊಂಟವನ್ನು ಹಿಂದಕ್ಕೆ ಬಾಗಿಸಬೇಕು. ಮಗ್ಗುಲಾಗಿ ಮಲಗಿಯೂ ಮಾಡಬಹುದು. ಮುಂದಕ್ಕೆ ಬಗ್ಗಿ ಎಂದರೆ ಹಲವರು ಸೊಂಟದ ಕೀಲಲ್ಲೇ ಬಗ್ಗುತ್ತಾರೆ, ಬೆನ್ನು ನೇರವಾಗಿಯೇ ಉಳಿಯುತ್ತದೆ. ಆಗ ಕಶೇರುಗಳ ನಡುವಿನ ಸಂದು ತೆರೆಯುವುದಿಲ್ಲ, ಸೂಜಿ ಮೂಳೆಗೆ ತಾಗಿ ತಾಗಿ ತಡವಾಗುತ್ತದೆ. ಬೆನ್ನಿನ ಕೆಳಭಾಗವನ್ನು ಡಾಕ್ಟರ ಕೈಯ ಕಡೆಗೆ ದೂಡಿ ಎಂದು ಹೇಳಿಕೊಟ್ಟರೆ ಅರ್ಧ ಕೆಲಸ ಆದಂತೆ. ಬೇನೆ ಬಂದಾಗ ಹೇಳಿ, ನಾವು ನಿಲ್ಲಿಸುತ್ತೇವೆ ಎಂದು ಅರಿವಳಿಕೆ ತಜ್ಞರು ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಅಲುಗಬೇಡಿ ಎಂದು ಗದರುವುದರಿಂದ ಏನೂ ಆಗುವುದಿಲ್ಲ.

ಚರ್ಮಕ್ಕೆ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಅದು ಪೂರ್ತಿ ಒಣಗುವವರೆಗೆ ಕಾಯಬೇಕು. ಕ್ಲೋರ್‌ಹೆಕ್ಸಿಡಿನ್ ನರಗಳಿಗೆ ವಿಷ, ಹಸಿ ಇರುವಾಗ ಸೂಜಿಯ ಜೊತೆ ಒಳಗೆ ಹೋಗಬಾರದು. ಚರ್ಮ ಮರಗಟ್ಟಿಸುವ ಲಿಗ್ನೊಕೇಯ್ನ್ ಕೊಡುವಾಗ ಕೆಲವು ಸೆಕೆಂಡು ಉರಿಯುತ್ತದೆ. ಬಹಳಷ್ಟು ಜನರಿಗೆ ಈ ಇಡೀ ಕೆಲಸದಲ್ಲಿ ಚುರುಕ್ಕೆನ್ನುವುದು ಅದೊಂದೇ, ಆಮೇಲಿನದು ಒತ್ತಡ.

ಈಗ ಟೂಹಿ ಸೂಜಿ. 16 ಅಥವಾ 18 ಗೇಜ್ ದಪ್ಪ, ತುದಿ ಸ್ವಲ್ಪ ಬಾಗಿರುತ್ತದೆ, ಮೈಮೇಲೆ ಒಂದೊಂದು ಸೆಂಟಿಮೀಟರಿಗೆ ಗುರುತು. ಅದಕ್ಕೆ ಸಲೈನ್ ತುಂಬಿದ, ಸರಾಗವಾಗಿ ಜಾರುವ ಸಿರಿಂಜ್ ಜೋಡಿಸಿ ಹೆಬ್ಬೆರಳಿನಿಂದ ಒತ್ತುತ್ತಾ ಮಿಲಿಮೀಟರ್ ಲೆಕ್ಕದಲ್ಲಿ ಮುಂದೆ ಹೋಗುತ್ತಾರೆ. ಗಟ್ಟಿ ಲಿಗಮೆಂಟಿನೊಳಗೆ ಇರುವವರೆಗೆ ಪಿಸ್ಟನ್ ಕದಲುವುದಿಲ್ಲ. ಲಿಗಮೆಂಟ್ ದಾಟಿದ ಕ್ಷಣ ತಡೆ ಥಟ್ಟನೆ ಹೋಗಿ ಸಲೈನ್ ಸಲೀಸಾಗಿ ಒಳಗೆ ಇಳಿಯುತ್ತದೆ. ಹೆಚ್ಚಿನವರಲ್ಲಿ ಈ ಆಳ ಚರ್ಮದಿಂದ 4ರಿಂದ 6 ಸೆಂ.ಮೀ. ಅಲ್ಲಿಂದ ಇನ್ನು ಕೆಲವೇ ಮಿಲಿಮೀಟರ್ ಮುಂದೆ ಡ್ಯೂರಾ ಇದೆ. ಅನುಭವಿ ಕೈಗೂ ಹೊಸ ಕೈಗೂ ಇರುವ ವ್ಯತ್ಯಾಸ ಕಾಣುವುದು ಆ ಕೆಲವು ಮಿಲಿಮೀಟರಿನಲ್ಲೇ. ಮೈ ದಪ್ಪ ಇರುವವರಲ್ಲಿ, ಬೆನ್ನು ಸೊಟ್ಟ ಇರುವವರಲ್ಲಿ ಮೊದಲೇ ಅಲ್ಟ್ರಾಸೌಂಡ್ ಇಟ್ಟು ಮಧ್ಯಗೆರೆಯನ್ನೂ ಆಳವನ್ನೂ ಗುರುತಿಸಿಕೊಂಡರೆ ಚುಚ್ಚುವ ಸಲ ಕಡಿಮೆಯಾಗುತ್ತದೆ.

ಸೂಜಿಯೊಳಗಿಂದ ಕ್ಯಾಥೆಟರ್ ತೂರಿಸಿ, 4–5 ಸೆಂ.ಮೀ. ಒಳಗೆ ಬಿಟ್ಟು ಸೂಜಿ ತೆಗೆದುಬಿಡುತ್ತಾರೆ. ಬೆನ್ನಲ್ಲಿ ಉಳಿಯುವುದು ಮೆತ್ತನೆಯ ಟ್ಯೂಬ್ ಮಾತ್ರ. ಹೆಚ್ಚು ಬಿಟ್ಟರೆ ಅದು ಒಂದು ಪಕ್ಕಕ್ಕೆ ಸರಿದು ಅರ್ಧ ಮೈ ಮಾತ್ರ ಮರಗಟ್ಟಬಹುದು. ಕಡಿಮೆ ಬಿಟ್ಟರೆ ಹೊರಳಾಡುವಾಗ ಹೊರಗೆ ಬಂದುಬಿಡುತ್ತದೆ. ಇಲ್ಲಿ ಒಂದು ಸಣ್ಣ ಸಂಗತಿ ಬಹಳ ಕಡೆ ಮರೆತುಹೋಗುತ್ತದೆ: ತಾಯಿ ಬಗ್ಗಿ ಕೂತಿರುವಾಗಲೇ ಟೇಪ್ ಅಂಟಿಸಿಬಿಡುವುದು. ಬೆನ್ನು ನೇರ ಮಾಡಿದಾಗ ಚರ್ಮಕ್ಕೂ ಒಳಗಿನ ಲಿಗಮೆಂಟಿಗೂ ನಡುವಿನ ದೂರ ಬದಲಾಗಿ ಅಂಟಿಸಿದ ಟ್ಯೂಬ್ ಒಳಗಿನಿಂದ ಜಗ್ಗುತ್ತದೆ, ಮೈ ತುಂಬಿಕೊಂಡವರಲ್ಲಿ ಇನ್ನೂ ಹೆಚ್ಚು. ನೇರ ಕೂರಿಸಿ ಅಥವಾ ಮಗ್ಗುಲಿಗೆ ಮಲಗಿಸಿ ಆಮೇಲೆ ಅಂಟಿಸುವವರ ಕೆಲಸಕ್ಕೆ ನಾವು ಹೆಚ್ಚು ಅಂಕ ಕೊಡುತ್ತೇವೆ.

ಟ್ಯೂಬಿನ ತುದಿ ರಕ್ತನಾಳದೊಳಗೋ ಡ್ಯೂರಾದೊಳಗೋ ಹೊಕ್ಕಿರಬಹುದು. ಅದಕ್ಕಾಗಿ ಮೊದಲು ಸಿರಿಂಜಿನಿಂದ ಎಳೆದು ರಕ್ತ ಅಥವಾ ದ್ರವ ಬರುತ್ತದೆಯೇ ನೋಡಿ, ಆಮೇಲೆ ಪರೀಕ್ಷಾ ಡೋಸ್ ಕೊಡುತ್ತಾರೆ. ಚಾಲ್ತಿಯಲ್ಲಿರುವ ಒಂದು ಅಳತೆ, 1.5% ಲಿಗ್ನೊಕೇಯ್ನ್ 3 ಮಿ.ಲೀ., ಅದರಲ್ಲಿ 15 ಮೈಕ್ರೊಗ್ರಾಂ ಅಡ್ರಿನಲಿನ್. ಒಂದು ನಿಮಿಷದೊಳಗೆ ಎದೆಬಡಿತ ಏಕಾಏಕಿ ಏರಿದರೆ ತುದಿ ರಕ್ತನಾಳದಲ್ಲಿರಬಹುದು, ಕೆಲವೇ ನಿಮಿಷದಲ್ಲಿ ಕಾಲು ಭಾರವಾಗಿ ಎತ್ತಲಾಗದಿದ್ದರೆ ಡ್ಯೂರಾ ದಾಟಿರಬಹುದು. ಕೆಲವು ಕಡೆ ಕಡಿಮೆ ಸಾಂದ್ರತೆಯ ಮೊದಲ ಡೋಸನ್ನೇ ಪರೀಕ್ಷೆಯಾಗಿ ಬಳಸುತ್ತಾರೆ, ಅದೂ ಸರಿಯೇ. ಪರೀಕ್ಷೆಯನ್ನೇ ಬಿಟ್ಟು ಒಮ್ಮೆಲೇ ಪೂರ್ತಿ ಡೋಸ್ ತಳ್ಳುವುದು ಮಾತ್ರ ತಪ್ಪು.

ಔಷಧಿ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಸಾಂದ್ರತೆ ಎಷ್ಟು? ಹಿಂದೆಲ್ಲ ಬುಪಿವಕೇಯ್ನ್ ಎಂಬ ಮರಗಟ್ಟಿಸುವ ಔಷಧಿಯನ್ನು 0.25% ಸಾಂದ್ರತೆಯಲ್ಲಿ ಕೊಡುತ್ತಿದ್ದರು. ನೋವು ಹೋಗುತ್ತಿತ್ತು, ಜೊತೆಗೆ ಕಾಲುಗಳ ಬಲವೂ ಹೋಗುತ್ತಿತ್ತು, ಮುಕ್ಕಲು ಆಗುತ್ತಿರಲಿಲ್ಲ. ಈಗಿನ ಕ್ರಮ 0.0625%ರಿಂದ 0.1% ಬುಪಿವಕೇಯ್ನ್, ಜೊತೆಗೆ ಪ್ರತಿ ಮಿ.ಲೀ.ಗೆ 2 ಮೈಕ್ರೊಗ್ರಾಂ ಫೆಂಟನಿಲ್ ಎಂಬ ನೋವು ನಿವಾರಕ. ಬ್ರಿಟನ್ನಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಕಾಮೆಟ್ ಅಧ್ಯಯನದಲ್ಲಿ ಹಳೆಯ ಗಟ್ಟಿ ಔಷಧಿ ಪಡೆದವರಲ್ಲಿ 35% ಮಂದಿಗೆ ಸಹಜ ಹೆರಿಗೆಯಾದರೆ, ತೆಳು ಔಷಧಿ ಪಡೆದವರಲ್ಲಿ 43% ಮಂದಿಗೆ ಆಯಿತು. ಎಪಿಡ್ಯೂರಲ್ ಹಾಕಿಸಿಕೊಂಡರೆ ಫೋರ್ಸೆಪ್ಸ್ (ಮಗುವನ್ನು ಹೊರಗೆಳೆಯುವ ಇಕ್ಕಳ) ಖಚಿತ ಎಂಬ ಮಾತು ಹುಟ್ಟಿದ್ದು ಗಟ್ಟಿ ಔಷಧಿಯ ಕಾಲದಲ್ಲಿ. ಇವತ್ತೂ ಗಟ್ಟಿ ಔಷಧಿಯನ್ನೇ ವಾಡಿಕೆಯಾಗಿ ಕೊಡುವ ಕಡೆ ಆ ಮಾತಿಗೆ ಆಧಾರ ಉಂಟು.

10–15 ಮಿ.ಲೀ. ಮೊದಲ ಡೋಸನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟ ಮೇಲೆ 10ರಿಂದ 20 ನಿಮಿಷದಲ್ಲಿ ನೋವು ಇಳಿಯಬೇಕು. ತಕ್ಷಣವೇ ಬೇಕಾದರೆ, ಉದಾಹರಣೆಗೆ ಬೇನೆ ಬಹಳ ಮುಂದುವರಿದಿದ್ದರೆ, ಸ್ಪೈನಲ್ (ಡ್ಯೂರಾದೊಳಗಿನ ದ್ರವಕ್ಕೇ ಔಷಧಿ ಕೊಡುವುದು) ಮತ್ತು ಎಪಿಡ್ಯೂರಲ್ ಎರಡನ್ನೂ ಕೂಡಿಸಿ ಮಾಡುತ್ತಾರೆ. ಆಗ ಸುಮಾರು 5 ನಿಮಿಷ ಸಾಕು. ಆದರೆ ಅದರಲ್ಲಿ ಮೈ ತುರಿಕೆ ಜಾಸ್ತಿ, ಮಗುವಿನ ಎದೆಬಡಿತ ಸ್ವಲ್ಪ ಹೊತ್ತು ನಿಧಾನವಾಗುವ ಸಂಭವವೂ ತುಸು ಹೆಚ್ಚು.

ಇಲ್ಲಿಂದ ನಿಜವಾದ ಸೇವೆ ಶುರು. ಪ್ರತಿ ದೊಡ್ಡ ಡೋಸಿನ ನಂತರ ಕಡಿಮೆಯೆಂದರೆ 15 ನಿಮಿಷ, 5 ನಿಮಿಷಕ್ಕೊಮ್ಮೆ ಬಿಪಿ ನೋಡಬೇಕು. ಮೊದಲ ಅರ್ಧ ಗಂಟೆ ಮಗುವಿನ ಎದೆಬಡಿತವನ್ನು ಬಿಡದೆ ಗಮನಿಸಬೇಕು. ಔಷಧಿ ರಕ್ತನಾಳಗಳನ್ನು ಸಡಿಲಿಸುವುದರಿಂದ ಬಿಪಿ ಇಳಿಯುತ್ತದೆ, ಗರ್ಭಕೋಶಕ್ಕೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ತಾಯಿಗೆ ಮೊದಲು ಗೊತ್ತಾಗುವುದು ವಾಕರಿಕೆ ಮತ್ತು ತಲೆ ಹಗುರಾದಂತಾಗುವುದು. ಮಾಡಬೇಕಾದ್ದು ಗೊತ್ತಿರುವ ಕೆಲಸಗಳೇ: ಎಡ ಮಗ್ಗುಲಿಗೆ ತಿರುಗಿಸುವುದು, ಡ್ರಿಪ್ ಜೋರು ಮಾಡುವುದು, ಬಿಪಿ ಏರಿಸುವ ಫಿನೈಲೆಫ್ರಿನ್ ಅಥವಾ ಎಫಿಡ್ರಿನ್ ಸಣ್ಣ ಪ್ರಮಾಣದಲ್ಲಿ ಕೊಡುವುದು. ಮಗುವಿನ ಎದೆಬಡಿತವೂ ಇಳಿದಿದ್ದರೆ ಬೇನೆ ಜೋರು ಮಾಡಲು ಹಾಕಿದ ಆಕ್ಸಿಟೋಸಿನ್ ಡ್ರಿಪ್ ನಿಲ್ಲಿಸಬೇಕು. ಆ ಔಷಧಿಗಳು ಮಂಚದ ಪಕ್ಕದಲ್ಲೇ ತಯಾರಿರಬೇಕು, ಕೆಳಗಿನ ಮಹಡಿಯ ಫಾರ್ಮಸಿಯಲ್ಲಲ್ಲ.

ಗಂಟೆಗೊಮ್ಮೆ ಐಸ್ ತುಂಡು ಇಟ್ಟು, ಎಲ್ಲಿಯವರೆಗೆ ಮರಗಟ್ಟಿದೆ ಎಂದು ನೋಡುತ್ತಾರೆ. ಮೊದಲು ಭುಜದ ಮೇಲೆ ಇಟ್ಟು ಹೀಗೆ ತಣ್ಣಗಿರುತ್ತದೆ ಎಂದು ತೋರಿಸಿ, ಆಮೇಲೆ ತೊಡೆಯಿಂದ ಮೇಲಕ್ಕೆ, ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ. ಹೊಕ್ಕುಳಿನ ಮಟ್ಟದವರೆಗೆ ಎರಡೂ ಕಡೆ ತಣ್ಣಗೆ ಅನಿಸದಿದ್ದರೆ ಗರ್ಭಕೋಶದ ನೋವಿನ ನರಗಳು ಹಿಡಿದಿವೆ ಎಂದರ್ಥ. ಮರಗಟ್ಟುವಿಕೆ ಮೊಲೆತೊಟ್ಟಿನ ಮಟ್ಟಕ್ಕಿಂತ ಮೇಲೇರಿದರೆ, ಕೈಬೆರಳು ಜುಮ್ಮೆಂದರೆ, ಉಸಿರು ಎಳೆಯಲು ಕಷ್ಟವಾದರೆ ಟ್ಯೂಬಿಗೆ ಔಷಧಿ ಹರಿಸುವ ಪಂಪ್ ನಿಲ್ಲಿಸಿ ತಜ್ಞರನ್ನು ಕರೆಯಬೇಕು. ಕಾಲಿನ ಬಲವನ್ನೂ ಜೊತೆಗೇ ನೋಡಬೇಕು. ಒಂದು ಗಂಟೆ ಹಿಂದೆ ಮೊಣಕಾಲು ಮಡಿಸುತ್ತಿದ್ದವರು ಈಗ ಪಾದವನ್ನೂ ಆಡಿಸಲಾರದೆ ಹೋದರೆ ಅದಕ್ಕೆ ಕಾರಣ ಹುಡುಕಲೇಬೇಕು.

ಪಂಪುಗಳಲ್ಲಿ ನಮಗೆ ಮೆಚ್ಚುಗೆಯಾದದ್ದು ತಾಯಿಯ ಕೈಗೆ ಗುಂಡಿ ಕೊಡುವ ಬಗೆ. ನೋವು ಮೂಡುವಾಗ ಒತ್ತಿದರೆ 5–10 ಮಿ.ಲೀ. ಹೋಗುತ್ತದೆ, ಮತ್ತೆ 10–20 ನಿಮಿಷ ಎಷ್ಟು ಒತ್ತಿದರೂ ಹೋಗದಂತೆ ಬೀಗ ಇರುತ್ತದೆ. ಇದರ ಜೊತೆ 40–60 ನಿಮಿಷಕ್ಕೊಮ್ಮೆ ಪಂಪೇ ತಾನಾಗಿ ಒಂದು ಡೋಸ್ ತಳ್ಳುವ ವ್ಯವಸ್ಥೆಯಿದ್ದರೆ ಇನ್ನೂ ಚೆನ್ನ. ಹನಿಹನಿಯಾಗಿ ಸದಾ ಹರಿಯುವ ಔಷಧಿಗಿಂತ ಒಮ್ಮೆಗೆ ಒತ್ತಡದಿಂದ ಹೋಗುವ ಔಷಧಿ ಒಳಗೆ ಚೆನ್ನಾಗಿ ಹರಡುತ್ತದೆ, ಒಟ್ಟು ಔಷಧಿಯೂ ಕಡಿಮೆ ಸಾಕಾಗುತ್ತದೆ. ಗುಂಡಿ ಒತ್ತುವುದು ತಾಯಿ ಮಾತ್ರ. ಕನಿಕರದಿಂದ ಮನೆಯವರು ಒತ್ತಿದರೆ ಈ ಸುರಕ್ಷತೆ ಇಲ್ಲವಾಗುತ್ತದೆ. ಪಂಪಿನ ಲೈನ್ ಡ್ರಿಪ್ ಲೈನಿಗಿಂತ ಬೇರೆ ಬಣ್ಣದ್ದಾಗಿರಬೇಕು, ಮಧ್ಯದಲ್ಲಿ ಇಂಜೆಕ್ಷನ್ ಚುಚ್ಚುವ ಕಿಂಡಿ ಇರಬಾರದು. ಬುಪಿವಕೇಯ್ನ್ ತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯ ನಿಂತುಬಿಡಬಹುದು. ಅದಕ್ಕೆ ಪ್ರತಿಮದ್ದಾದ 20% ಲಿಪಿಡ್ ಎಮಲ್ಷನ್ ಹೆರಿಗೆ ವಾರ್ಡಿನಲ್ಲೇ ಇದೆಯೇ ಎಂದು ಕೇಳುವುದು ಅತಿಯಾಯಿತು ಎಂದು ಯಾರೂ ಭಾವಿಸಬಾರದು.

ಕೆಲಸ ಮಾಡದೇ ಹೋಗುವುದು ಅಪರೂಪವಲ್ಲ. ಬ್ರಿಟನ್ನಿನ ಪ್ರಸೂತಿ ಅರಿವಳಿಕೆ ತಜ್ಞರ ಸಂಘ ತಾಯಂದಿರಿಗೆ ಕೊಡುವ ಮಾಹಿತಿಯಂತೆ, 8ರಲ್ಲಿ ಒಬ್ಬರಿಗೆ ಬೇರೆ ನೋವು ನಿವಾರಕವೂ ಬೇಕಾಗುತ್ತದೆ. ಒಂದೇ ಪಕ್ಕ ನೋವಿದ್ದರೆ ಟ್ಯೂಬನ್ನು 1 ಸೆಂ.ಮೀ. ಹೊರಗೆಳೆದು, ನೋವಿರುವ ಪಕ್ಕ ಕೆಳಗಾಗುವಂತೆ ಮಲಗಿಸಿ, ಇನ್ನೊಂದು ಡೋಸ್ ಕೊಟ್ಟು ನೋಡುತ್ತಾರೆ. ಕಿಬ್ಬೊಟ್ಟೆಯಲ್ಲಿ ಒಂದೇ ಕಡೆ ಒತ್ತಿದಂತೆ ನೋವಾದರೆ ಮೊದಲು ಮೂತ್ರಕೋಶ ತುಂಬಿದೆಯೇ ನೋಡಬೇಕು. ಎಪಿಡ್ಯೂರಲ್ ಇದ್ದಾಗ ಮೂತ್ರ ಬಂದದ್ದು ಗೊತ್ತಾಗುವುದಿಲ್ಲ, ಕೆಲವು ಗಂಟೆಗೊಮ್ಮೆ ಖಾಲಿ ಮಾಡಿಸಲೇಬೇಕು. ಗುದದ ಕಡೆ ಒತ್ತಡ, ಬೆನ್ನಿನ ಬುಡದಲ್ಲಿ ನೋವು ಎಂದರೆ ಮಗುವಿನ ತಲೆ ಕೆಳಗಿಳಿದಿರಬಹುದು. ಆ ಭಾಗದ ನರಗಳು ಬೇರೆ, ಗರ್ಭದ ಬಾಯಿ ಎಷ್ಟು ತೆರೆದಿದೆ ಎಂದು ಮತ್ತೆ ಪರೀಕ್ಷಿಸಬೇಕು. ಹಿಂದೆ ಸಿಸೇರಿಯನ್ ಆದವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಪಿಡ್ಯೂರಲ್ ಮೀರಿ, ಬೇನೆ ಇಲ್ಲದ ಹೊತ್ತಿನಲ್ಲೂ ನೋವು ಉಳಿದರೆ, ಡೋಸ್ ಏರಿಸುವ ಮೊದಲು ಹಳೆಯ ಗಾಯದ ಜಾಗ ಬಿಡುತ್ತಿದೆಯೇ ಎಂದು ಯೋಚಿಸಬೇಕು. ಇವೆಲ್ಲ ಮಾಡಿಯೂ ಅರ್ಧ ಗಂಟೆಯಲ್ಲಿ ಸರಿಯಾಗದಿದ್ದರೆ ಟ್ಯೂಬ್ ತೆಗೆದು ಹೊಸದಾಗಿ ಹಾಕುವುದೇ ನೇರ ದಾರಿ. ಹಿಡಿಯದ ಎಪಿಡ್ಯೂರಲ್ಲನ್ನು ಹಾಗೇ ಎಳೆದರೆ ತುರ್ತು ಸಿಸೇರಿಯನ್ ಬಂದಾಗ ಅದೇ ಕೈಕೊಡುತ್ತದೆ. ಚೆನ್ನಾಗಿ ಹಿಡಿದದ್ದಾದರೆ ಅದೇ ಟ್ಯೂಬಿನಿಂದ 15–20 ಮಿ.ಲೀ. ಗಟ್ಟಿ ಔಷಧಿ ಕೊಟ್ಟು, ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸದೆಯೇ ಆಪರೇಷನ್ ಮಾಡಬಹುದು.

ಇನ್ನು ಜನರ ಮಾತುಗಳು. ಸಿಸೇರಿಯನ್ ಹೆಚ್ಚುತ್ತದೆಯೇ? ಇಲ್ಲ, 2018ರ ಕಾಕ್ರೇನ್ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವ್ಯತ್ಯಾಸ ಕಾಣಲಿಲ್ಲ. ವ್ಯಾಕ್ಯೂಮ್, ಫೋರ್ಸೆಪ್ಸ್ ಬಳಕೆ ಒಟ್ಟಾರೆ ಹೆಚ್ಚು ಕಂಡರೂ, 2005ರ ನಂತರದ ಅಧ್ಯಯನಗಳನ್ನಷ್ಟೇ ತೆಗೆದುಕೊಂಡರೆ ಆ ಹೆಚ್ಚಳ ಕಾಣಲಿಲ್ಲ. ಹೆರಿಗೆ ಮಾತ್ರ ಸ್ವಲ್ಪ ಉದ್ದವಾಗುತ್ತದೆ, ಇದು ನಿಜ. ಇಷ್ಟು ಬೇಗ ಹಾಕಬಾರದು, ಬಾಯಿ 4 ಸೆಂ.ಮೀ. ತೆರೆಯಲಿ ಎಂದು ಕಾಯಿಸುವುದಕ್ಕೆ ಈಗ ಆಧಾರವಿಲ್ಲ. 2005ರಲ್ಲಿ ಪ್ರಕಟವಾದ, 750 ಚೊಚ್ಚಲ ತಾಯಂದಿರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ಬೇಗ ಶುರು ಮಾಡಿದವರಿಗೆ ಸಿಸೇರಿಯನ್ ಹೆಚ್ಚಲಿಲ್ಲ. ನೋವು ತಡೆಯಲಾಗುತ್ತಿಲ್ಲ ಎಂದು ತಾಯಿ ಹೇಳಿದರೆ ಅಷ್ಟು ಸಾಕು. ಬೆನ್ನುನೋವು ಜೀವನಪೂರ್ತಿ ಕಾಡುತ್ತದೆ ಎಂಬುದೂ ಸರಿಯಲ್ಲ. ಸೂಜಿ ಹೋದ ಜಾಗ ಕೆಲವು ದಿನ ನೋಯುತ್ತದೆ, ದೀರ್ಘಕಾಲದ ಬೆನ್ನುನೋವು ಎಪಿಡ್ಯೂರಲ್ ಪಡೆದವರಲ್ಲೂ ಪಡೆಯದವರಲ್ಲೂ ಒಂದೇ ಬಗೆಯಲ್ಲಿ ಇರುತ್ತದೆ.

ನಿಜವಾದ ಅಡ್ಡ ಪರಿಣಾಮಗಳಲ್ಲಿ ತುರಿಕೆ ಫೆಂಟನಿಲ್‌ನದು, ನಡುಕವೂ ಸಾಮಾನ್ಯ. ಜ್ವರ ಸುಮಾರು ಐವರಲ್ಲಿ ಒಬ್ಬರಿಗೆ ಬರಬಹುದು. ಸೋಂಕಿಲ್ಲದೆಯೂ ಬರುತ್ತದೆ, ಆದರೆ ಸೋಂಕು ಇಲ್ಲವೆಂದು ತಿಳಿಯುವವರೆಗೆ ತಾಯಿಗೆ ಆ್ಯಂಟಿಬಯಾಟಿಕ್, ಮಗುವಿಗೆ ರಕ್ತಪರೀಕ್ಷೆ ಎಂದು ಓಡಾಟವಾಗುತ್ತದೆ. ಸೂಜಿ ಡ್ಯೂರಾ ತೂರಿ ತೀವ್ರ ತಲೆನೋವು ಬರುವುದು 100ರಲ್ಲಿ ಒಬ್ಬರಿಗೆ. ಕೆಲವು ತಿಂಗಳಲ್ಲಿ ಹೋಗುವ ಜೋಮು ಸುಮಾರು 1,000ಕ್ಕೆ ಒಬ್ಬರಿಗೆ, 6 ತಿಂಗಳು ಮೀರಿ ಉಳಿಯುವ ನರದ ತೊಂದರೆ 13,000ಕ್ಕೆ ಒಬ್ಬರಿಗೆ, ಬೆನ್ನಿನೊಳಗೆ ಕೀವುಗಟ್ಟುವುದು 50,000ಕ್ಕೆ ಒಬ್ಬರಿಗೆ. ಈ ಅಂಕಿಗಳೂ ಮೇಲೆ ಹೇಳಿದ ಬ್ರಿಟಿಷ್ ಸಂಘದ ಮಾಹಿತಿಯವೇ. ಹೆರಿಗೆಯಲ್ಲಿ ಮಗುವಿನ ತಲೆ ಒತ್ತಿ ಆಗುವ ನರದ ತೊಂದರೆಯೂ ಎಷ್ಟೋ ಸಲ ಎಪಿಡ್ಯೂರಲ್ ಖಾತೆಗೆ ಸೇರುತ್ತದೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ರಕ್ತ ಹೆಪ್ಪುಗಟ್ಟುವಲ್ಲಿ ತೊಂದರೆ, ಸೂಜಿ ಹಾಕುವ ಜಾಗದಲ್ಲಿ ಸೋಂಕು, ತೀವ್ರ ರಕ್ತಸ್ರಾವ ಇದ್ದರೆ ಹಾಕುವುದಿಲ್ಲ. ಪ್ಲೇಟ್‌ಲೆಟ್ 70,000ಕ್ಕಿಂತ ಕೆಳಗಿದ್ದರೆ ಹೆಚ್ಚಿನ ತಜ್ಞರು ಹಿಂಜರಿಯುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಹೆಪಾರಿನ್ ಜಾತಿಯ ಎನೊಕ್ಸಾಪರಿನ್ ತೆಗೆದುಕೊಳ್ಳುವವರು ಕಡಿಮೆ ಡೋಸಾದರೆ 12 ಗಂಟೆ, ಪೂರ್ಣ ಡೋಸಾದರೆ 24 ಗಂಟೆ ಬಿಡಬೇಕು. ಬೇನೆ ಶುರುವಾಗಿದೆ ಅನಿಸಿದರೆ ಮುಂದಿನ ಡೋಸ್ ಚುಚ್ಚಿಕೊಳ್ಳುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಕೇಳುವುದು ಕ್ಷೇಮ.

ಆಸ್ಪತ್ರೆ ಆರಿಸುವಾಗ ಎಪಿಡ್ಯೂರಲ್ ಸಿಗುತ್ತದೆಯೇ ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ರಾತ್ರಿ 2 ಗಂಟೆಗೆ, ಭಾನುವಾರ, ಕರೆದ ಎಷ್ಟು ಹೊತ್ತಿಗೆ ಅರಿವಳಿಕೆ ತಜ್ಞರು ಬರುತ್ತಾರೆ ಎಂದು ಕೇಳಿ. 30 ನಿಮಿಷದೊಳಗೆ ಎಂಬ ಉತ್ತರ ಒಳ್ಳೆಯದು. ಅವರು ಹೆರಿಗೆ ವಾರ್ಡಿನಲ್ಲೇ ಇರುತ್ತಾರೋ, ಸೂಜಿ ಹಾಕಿ ಮನೆಗೆ ಹೋಗುತ್ತಾರೋ? ನಡುವೆ ನೋವು ಬಂದರೆ ಡೋಸ್ ಬದಲಿಸುವವರು ಯಾರು? ಎಪಿಡ್ಯೂರಲ್ ಇರುವ ತಾಯಿಯನ್ನು ನೋಡಿಕೊಳ್ಳಲು ತರಬೇತಾದ ನರ್ಸ್ ಜೊತೆಗಿರುತ್ತಾರೆಯೇ? ಇವಕ್ಕೆ ತಡವರಿಸದೆ ಉತ್ತರ ಬಂದರೆ ಪಂಪ್ ಹಳೆಯದಾದರೂ ಚಿಂತೆಯಿಲ್ಲ.

ಮಗು ಹುಟ್ಟಿ, ಹೊಲಿಗೆ ಇದ್ದರೆ ಅದೂ ಮುಗಿದ ಮೇಲೆ ಟ್ಯೂಬನ್ನು ಮೆಲ್ಲಗೆ ಎಳೆದು ತೆಗೆಯುತ್ತಾರೆ. ತುದಿ ಪೂರ್ತಿಯಾಗಿ ಬಂದಿದೆಯೇ ನೋಡಿ ಬರೆದಿಡಬೇಕು. ಮೊದಲ ಸಲ ಎದ್ದು ನಿಲ್ಲುವಾಗ ಪಕ್ಕದಲ್ಲಿ ಒಬ್ಬರು ಇರಲಿ. ಕೊನೆಯ ಡೋಸ್ ಆಗಿ 4 ಗಂಟೆ ಕಳೆದರೂ ಕಾಲನ್ನು ಹಾಸಿಗೆಯಿಂದ ನೇರ ಎತ್ತಲಾಗದಿದ್ದರೆ ಅದು ಬೆನ್ನಿನೊಳಗೆ ರಕ್ತ ಕಟ್ಟಿಕೊಳ್ಳುತ್ತಿರುವ ಸೂಚನೆ ಇರಬಹುದು, ನಾಳೆ ನೋಡೋಣ ಎನ್ನದೆ ಆಗಲೇ ತಜ್ಞರನ್ನು ಕರೆಸಿ. ಮನೆಗೆ ಹೋದ ಮೇಲೆ ಕೂತರೆ ನಿಂತರೆ ಜೋರಾಗಿ, ಮಲಗಿದರೆ ಕಡಿಮೆಯಾಗುವ ತಲೆನೋವು ಬಂದರೆ ಅದು ಡ್ಯೂರಾ ತೂತಾದ ಲಕ್ಷಣ. ಮಾತ್ರೆಗೆ ಬಗ್ಗದಿದ್ದರೆ ತಾಯಿಯದೇ ರಕ್ತ 15–20 ಮಿ.ಲೀ. ತೆಗೆದು ಬೆನ್ನಿನ ಆ ಜಾಗಕ್ಕೆ ಕೊಡುವ ಚಿಕಿತ್ಸೆ ಇದೆ, ಹಲವರಿಗೆ ಬೇಗನೆ ಆರಾಮ ಸಿಗುತ್ತದೆ. ನಿದ್ದೆ ಕೆಟ್ಟಿದ್ದಕ್ಕೆ ತಲೆನೋವು ಎಂದು ಸುಮ್ಮನಾಗಬೇಡಿ. ಜ್ವರದೊಂದಿಗೆ ಬೆನ್ನುನೋವು, ಮೂತ್ರ ಕಟ್ಟಿಕೊಳ್ಳುವುದು, ಕಾಲು ಹೊಸದಾಗಿ ಸೋಲುವುದು ಕಂಡರೆ ಹೆರಿಗೆಯಾಗಿ ವಾರ ಕಳೆದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಎಪಿಡ್ಯೂರಲ್ ಹಾಕಿತ್ತು ಎಂದು ಮೊದಲ ಮಾತಲ್ಲೇ ಹೇಳಿ.